ಒಂಬತ್ತು ವೋಲ್ಟಿನ ಗಿಟಾರ್ ಡಬ್ಬಿ

ಎಲೆಕ್ಟ್ರಿಕ್ ಗಿಟಾರನ್ನು ಯಾವುದಕ್ಕೂ ಜೋಡಿಸದೆ ಮೀಟಿದರೆ ಪಕ್ಕದ ಕೋಣೆಯವರಿಗೂ ಕೇಳಿಸುವುದು ಕಷ್ಟ. ಅದರ ಮೈ ಬಹುಮಟ್ಟಿಗೆ ಗಟ್ಟಿ ಮರದ ಹಲಗೆ. ತಂಬೂರಿಗಿರುವಂಥ ಟೊಳ್ಳು ಬುರುಡೆ ಅದಕ್ಕಿಲ್ಲ. ದನಿ ಎಬ್ಬಿಸುವುದು ಪೂರ್ತಿ ಆಂಪ್ಲಿಫೈಯರಿನ ಕೆಲಸ. ಗಿಟಾರ್ ನುಡಿಸುವವರು ಇಂದಿಗೂ ಆಸೆಪಡುವ ವಾಲ್ವ್ ಆಂಪ್ಲಿಫೈಯರುಗಳಲ್ಲಿ 300ರಿಂದ 400 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಕ್ಕೇ ಎರವಾಗುವಷ್ಟು ವಿದ್ಯುತ್ ಉಳಿದಿರಬಹುದು. ಮನೆಯ ಮೇಜಿನ ಮೇಲೆ ಬೆಸುಗೆ ಹಾಕಿ ಕಲಿಯುವವರು ಅದರ ತಂಟೆಗೆ ಹೋಗದೆ 9 ವೋಲ್ಟಿನಿಂದ ಶುರುಮಾಡುವುದು ಒಳ್ಳೆಯದು. ಆ ವೋಲ್ಟಿನಲ್ಲಿ ಬೆರಳು ತಗುಲಿದರೂ ಏನೂ ಆಗದು, ಸರ್ಕ್ಯೂಟ್ ತಪ್ಪಾದರೆ ಹೆಚ್ಚೆಂದರೆ ಒಂದು ಚಿಪ್ಪು ಸುಟ್ಟೀತು.

ಆ ಚಿಪ್ಪಿನ ಹೆಸರು ಎಲ್‌ಎಂ386. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ ಬ್ಯಾಟರಿಯಲ್ಲಿ ನಡೆಯುವ ರೇಡಿಯೋದಂಥ ಸಣ್ಣ ಸಾಧನಗಳಿಗೆಂದು ರೂಪಿಸಿದ ಎಂಟು ಕಾಲಿನ ಐಸಿ ಇದು. ಸುಮ್ಮನಿರುವಾಗ ಇದು ಎಳೆಯುವುದು 4 ಮಿಲಿಆಂಪಿಯರ್ ಮಾತ್ರ. ಹಾಗೇ ಬಿಟ್ಟರೆ ಒಳಬಂದ ಸಿಗ್ನಲನ್ನು 20 ಪಟ್ಟು ಹೆಚ್ಚಿಸುತ್ತದೆ. ಒಂದನೇ ಮತ್ತು ಎಂಟನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದರೆ 200 ಪಟ್ಟು. ಇದನ್ನು ಕಟ್ಟಿದವರಲ್ಲಿ ಅನೇಕರು ‘ದನಿ ಬಂತು, ಆದರೆ ಮಂಕು’ ಎಂದು ಗೊಣಗುತ್ತಾರೆ. ಬೈಗುಳ ತಿನ್ನುವುದು ಚಿಪ್ಪು. ನಿಜವಾದ ಕೊರತೆ ಇರುವುದು ಅದರ ಎರಡು ತುದಿಗಳಲ್ಲಿ.

ಮೊದಲು ಒಳಬರುವ ತುದಿಯನ್ನು ನೋಡೋಣ. ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಅದುರಿದಾಗ ಕಾಂತಕ್ಷೇತ್ರ ಕದಲುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡದ್ದೂ ಇದೇ ತತ್ವ. ಇಷ್ಟೊಂದು ಸುತ್ತುಗಳಿರುವುದರಿಂದ ಸುರುಳಿಗೆ ಕೆಲವು ಹೆನ್ರಿಯಷ್ಟು ಇಂಡಕ್ಟನ್ಸ್ ಬರುತ್ತದೆ. 3 ಹೆನ್ರಿ ಎಂದಿಟ್ಟುಕೊಳ್ಳಿ. ಗಿಟಾರಿನ ಅತಿ ದಪ್ಪ ತಂತಿಯ 82 ಹರ್ಟ್ಸ್ ಸ್ವರಕ್ಕೆ ಅದು ಒಡ್ಡುವ ಅಡ್ಡಿ ಒಂದೂವರೆ ಕಿಲೋಓಮ್, ಲೆಕ್ಕಕ್ಕೇ ಇಲ್ಲ. ದನಿಗೆ ಮಿಂಚು ಕೊಡುವ 4000 ಹರ್ಟ್ಸ್ ಆಸುಪಾಸಿನಲ್ಲಾದರೋ ಅದೇ ಅಡ್ಡಿ 75 ಕಿಲೋಓಮ್‌ಗೆ ಏರುತ್ತದೆ. ಎಲ್‌ಎಂ386ರ ಒಳತುದಿಯ ರೋಧ 50 ಕಿಲೋಓಮ್ ಮಾತ್ರ. ಸುರುಳಿಯೂ ಚಿಪ್ಪೂ ಸಿಗ್ನಲನ್ನು ಹಂಚಿಕೊಳ್ಳುವುದರಿಂದ, ಕೆಳಸ್ವರ ಹೆಚ್ಚುಕಡಿಮೆ ಪೂರ್ತಿ ದಾಟಿದರೆ ಮೇಲಿನ ಮಿಂಚು ಅರ್ಧಕ್ಕರ್ಧ ಸುರುಳಿಯಲ್ಲೇ ಕಳೆದುಹೋಗುತ್ತದೆ. ಗೊಣಗಾಟದ ಮಂಕು ಇದೇ.

ಮದ್ದು ಅಗ್ಗದ್ದು. ಗಿಟಾರಿಗೂ ಚಿಪ್ಪಿಗೂ ನಡುವೆ ಒಂದು ಎಫ್‌ಇಟಿ ಟ್ರಾನ್ಸಿಸ್ಟರ್ ಕೂರಿಸಿ. ಗಿಟಾರಿನ ಸಿಗ್ನಲ್ ಅದರ ಗೇಟ್ ಕಾಲಿಗೆ; ಆ ಕಾಲಿನಿಂದ ಗ್ರೌಂಡಿಗೆ 1 ಮೆಗಾಓಮ್, ಸೋರ್ಸ್ ಕಾಲಿನಿಂದ ಗ್ರೌಂಡಿಗೆ 3.9 ಕಿಲೋಓಮ್ ರೆಸಿಸ್ಟರ್, ಡ್ರೇನ್ ಕಾಲಿಗೆ ನೇರ 9 ವೋಲ್ಟ್. ಇದು ಸಿಗ್ನಲನ್ನು ದೊಡ್ಡದು ಮಾಡುವುದಿಲ್ಲ. ಸುರುಳಿಯಿಂದ ಏನನ್ನೂ ಎಳೆದುಕೊಳ್ಳದೆ ಅದರ ಮಾತನ್ನು ಮುಂದಿನವರಿಗೆ ಗಟ್ಟಿಯಾಗಿ ದಾಟಿಸುತ್ತದೆ, ಅಷ್ಟೆ. ಅಮೆರಿಕದ ಹವ್ಯಾಸಿಗಳ ನಕ್ಷೆಗಳಲ್ಲಿ ಇದಕ್ಕೆ ಜೆ201 ಅಥವಾ ಎಂಪಿಎಫ್102 ಎಂದಿರುತ್ತದೆ. ಅದು ಸಿಗಲಿಲ್ಲವೆಂದು ಕೈಚೆಲ್ಲಬೇಕಿಲ್ಲ: ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಎಫ್‌ಇಟಿ ಪ್ರಯೋಗಕ್ಕೆ ತಲೆಮಾರುಗಳಿಂದ ಬಳಸುತ್ತ ಬಂದಿರುವ ಬಿಎಫ್‌ಡಬ್ಲ್ಯು10 ಅಥವಾ 11 ಸಾಕು. ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಅದಕ್ಕಿರುವ ನಾಲ್ಕನೇ ಕಾಲು ಬರೀ ಲೋಹದ ಟೋಪಿಯದು, ಗ್ರೌಂಡಿಗೆ ಕಟ್ಟಿಬಿಡಿ.

ಸೋರ್ಸ್ ಕಾಲಿನಿಂದ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಆಮೇಲೆ 10 ಕಿಲೋಓಮ್ ವಾಲ್ಯೂಮ್ ಕಂಟ್ರೋಲ್, ಅದರ ನಡುಗಾಲಿನಿಂದ ಚಿಪ್ಪಿನ ಮೂರನೇ ಕಾಲಿಗೆ. ಎರಡನೆಯದೂ ನಾಲ್ಕನೆಯದೂ ಗ್ರೌಂಡಿಗೆ, ಆರನೆಯದು ಬ್ಯಾಟರಿಯ ಪ್ಲಸ್‌ಗೆ. ಆರಕ್ಕೂ ನಾಲ್ಕಕ್ಕೂ ನಡುವೆ 100 ಮೈಕ್ರೋಫ್ಯಾರಡ್. ಐದನೇ ಕಾಲು ಔಟ್‌ಪುಟ್. ಸಿಗ್ನಲ್ ಇಲ್ಲದಾಗಲೂ ಅದು ಬ್ಯಾಟರಿಯ ಅರ್ಧ ವೋಲ್ಟೇಜಿನಲ್ಲಿ ನಿಂತಿರುತ್ತದೆ, ಸ್ವರ ಬಂದಾಗ ಅಲ್ಲಿಂದಲೇ ಮೇಲೆ ಕೆಳಗೆ ತೂಗುತ್ತದೆ. ಆ ನಿಂತ ವೋಲ್ಟೇಜ್ ಸ್ಪೀಕರಿಗೆ ಹೋಗದಂತೆ ತಡೆಯುವುದು ನಡುವಿನ 220 ಮೈಕ್ರೋಫ್ಯಾರಡ್ ಕೆಪಾಸಿಟರ್. ಐದನೇ ಕಾಲಿನಿಂದ ಗ್ರೌಂಡಿಗೆ ಸಾಲಾಗಿ 10 ಓಮ್ ಮತ್ತು 0.047 ಮೈಕ್ರೋಫ್ಯಾರಡ್ ಹಾಕುವುದನ್ನು ‘ಇದೇನು ಮಾಡೀತು’ ಎಂದು ಬಿಡಬೇಡಿ. ಇಲ್ಲದಿದ್ದರೆ ಚಿಪ್ಪು ಕಿವಿಗೆ ಕೇಳದ ಆವರ್ತನದಲ್ಲಿ ತಾನೇ ಕೂಗಲು ಶುರುಮಾಡಿ ಬಿಸಿಯಾಗಬಹುದು.

ಇನ್ನು ಒಡಕು ದನಿ. 9 ವೋಲ್ಟಿನಲ್ಲಿ ಔಟ್‌ಪುಟ್ ಎರಡೂ ಕಡೆಗೆ ತೂಗಬಲ್ಲದ್ದು ಸುಮಾರು 4 ವೋಲ್ಟ್. 200 ಪಟ್ಟು ಹೆಚ್ಚಿಸುವಾಗ 20 ಮಿಲಿವೋಲ್ಟ್ ಒಳಬಂದರೇ ಮಿತಿ ಮುಟ್ಟುತ್ತದೆ, ಗಿಟಾರ್ ಕೊಡುವುದೋ 100 ಮಿಲಿವೋಲ್ಟಿಗೂ ಮೀರಿ. ಅಲೆಯ ನೆತ್ತಿ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಹಾಗೆ ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಮೂರು, ಐದು, ಏಳು ಪಟ್ಟಿನ ಹೊಸ ಆವರ್ತನಗಳು ಹುಟ್ಟುತ್ತವೆ. ರೇಡಿಯೋ ಎಂಜಿನಿಯರಿಗೆ ಇದು ದೋಷ, ರಾಕ್ ಗಿಟಾರಿಗನಿಗೆ ಇದೇ ರುಚಿ. 1958ರಲ್ಲಿ ಗಿಟಾರಿಗ ಲಿಂಕ್ ರೇ ತನ್ನ ‘ರಂಬಲ್’ ಎಂಬ ಕೃತಿಗೆ ಈ ಒರಟುತನ ಬೇಕೆಂದು ಆಂಪ್ಲಿಫೈಯರಿನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಹೊಡೆದಿದ್ದ. ನಿಮಗೆ ಆ ಕಷ್ಟವಿಲ್ಲ: ಒಂದು ಮತ್ತು ಎಂಟನೇ ಕಾಲುಗಳ ನಡುವಿನ ಕೆಪಾಸಿಟರಿಗೆ ಒಂದು ಸ್ವಿಚ್ ಇಟ್ಟರೆ ತಿಳಿ ದನಿ, ಒಡಕು ದನಿ ಎರಡೂ ಕೈಯಲ್ಲಿ.

ಎರಡನೇ ತುದಿ ಸ್ಪೀಕರ್. ಈ ಡಬ್ಬಿ ಕೊಡುವುದು ಅರ್ಧದಿಂದ ಮುಕ್ಕಾಲು ವ್ಯಾಟ್ ಮಾತ್ರ. ಕೇಳಿದವರು ನಗುತ್ತಾರೆ. ಆದರೆ ಕಿವಿ ವ್ಯಾಟ್ ಎಣಿಸುವುದಿಲ್ಲ. ಶಕ್ತಿ ಹತ್ತು ಪಟ್ಟಾದರೆ ಅದಕ್ಕೆ ದನಿ ಸುಮಾರು ಎರಡು ಪಟ್ಟಾದಂತೆ ತೋರುತ್ತದೆ. ಆ ಲೆಕ್ಕದಲ್ಲಿ 50 ವ್ಯಾಟಿನ ಆಂಪ್ಲಿಫೈಯರ್ ಅರ್ಧ ವ್ಯಾಟಿನದಕ್ಕಿಂತ ನಾಲ್ಕು ಪಟ್ಟಷ್ಟೇ ಜೋರು. ಸ್ಪೀಕರುಗಳ ನಡುವಿನ ಅಂತರವೂ ಸಣ್ಣದಲ್ಲ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಅಗ್ಗದ ಮೂರಿಂಚಿನ ಸ್ಪೀಕರ್ 85 ಡೆಸಿಬೆಲ್ ಆಸುಪಾಸು ಕೊಟ್ಟೀತು, ಗಿಟಾರಿಗೆಂದೇ ಮಾಡಿದ 12 ಇಂಚಿನದು 97 ದಾಟುತ್ತದೆ. ಈ 12 ಡೆಸಿಬೆಲ್ ಅಂತರ 16 ಪಟ್ಟು ಶಕ್ತಿಗೆ ಸಮ. ದೊಡ್ಡದು ಸಿಗದಿದ್ದರೆ ಕೆಟ್ಟ ಸ್ಟೀರಿಯೋದಿಂದ ಬಿಚ್ಚಿದ ಐದಾರು ಇಂಚಿನ, 8 ಓಮಿನ ಸ್ಪೀಕರ್ ಆದೀತು. 4 ಓಮಿನದು ಬೇಡ, ಚಿಪ್ಪು ಕಾಯುತ್ತದೆ. ಪ್ಲೈವುಡ್ ಪೆಟ್ಟಿಗೆಗೆ ಮಾತ್ರ ಜಿಪುಣತನ ಮಾಡಬೇಡಿ: ಬರಿದೇ ನಿಂತ ಸ್ಪೀಕರಿನ ಹಿಂದಿನ ಅಲೆ ಮುಂದಿನದನ್ನು ತಿಂದುಹಾಕುತ್ತದೆ, ಕೆಳಸ್ವರವೇ ಕೇಳದು.

ಚಪ್ಪಟೆ 9 ವೋಲ್ಟ್ ಬ್ಯಾಟರಿ ಜೋರಾಗಿ ನುಡಿಸಿದರೆ ಕೆಲವೇ ಗಂಟೆಗಳಲ್ಲಿ ಸೋಲುತ್ತದೆ. ಆರು ಪೆನ್ಸಿಲ್ ಸೆಲ್‌ಗಳ ಹೋಲ್ಡರ್ ಬಹಳ ಹೆಚ್ಚು ಬಾಳುತ್ತದೆ. ಚಿಪ್ಪನ್ನು ಮೇಲಿನಿಂದ ನೋಡುವಾಗ ಕಾಲುಗಳ ಎಣಿಕೆ ಅಪ್ರದಕ್ಷಿಣೆ. ಬೆಸುಗೆ ಹಾಕಲು ಬೋರ್ಡನ್ನು ಮಗುಚಿದಾಗ ಎಡ ಬಲ ಅದಲುಬದಲಾಗುತ್ತದೆ, ಎಚ್ಚರ. ಸ್ಪೀಕರ್ ಜೋಡಿಸುವ ಮುನ್ನ ಮಲ್ಟಿಮೀಟರಿನಲ್ಲಿ ಐದನೇ ಕಾಲು ಅಳೆಯಿರಿ. 4.5 ವೋಲ್ಟಿನ ಹತ್ತಿರ ಇದ್ದರೆ ಸ್ಪೀಕರ್ ಜೋಡಿಸಿ, ಗಿಟಾರ್ ಚುಚ್ಚಿ ನುಡಿಸಿ; 0 ಅಥವಾ 9ರ ಬಳಿ ಇದ್ದರೆ ಬ್ಯಾಟರಿ ತೆಗೆದು, ಬೆಸುಗೆಗಳನ್ನು ಒಂದೊಂದಾಗಿ ಪರೀಕ್ಷಿಸಿ.