ಕ್ರಯಕ್ಕೆ ಬಂದ ಕುಡಿಯುವ ನೀರು

ಬಾಯಾರಿದವನಿಗೆ ಬೆಲೆ ಕೇಳದೆ ನೀರೆರೆಯುವುದನ್ನು ಸಂಸ್ಕೃತದಲ್ಲಿ ‘ಪ್ರಪಾ’ಧರ್ಮವೆನ್ನುವರು, ನಮ್ಮ ದುದ್ದದ ಸೀಮೆಯವರಿಗೆ ಅದು ಅರವಟ್ಟಿಗೆ. ಈಗಲಾದರೋ ನಗರಗಳಲ್ಲಿ ನೀರೇ ಕ್ರಯವಸ್ತುವಾಗಿದೆ.

2024ನೆಯ ಮಾರ್ಚ್ ತಿಂಗಳಲ್ಲಿ, ಕೊಳವೆಬಾವಿಗಳು ಬತ್ತಿದ ಬೆಂಗಳೂರಿನಲ್ಲಿ, 6,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 600 ರೂಪಾಯಿಗಳೆಂದು ಜಿಲ್ಲಾಡಳಿತವು ದರವನ್ನು ಗೊತ್ತುಮಾಡಬೇಕಾಯಿತು. ಎಂದರೆ ಸಾವಿರ ಲೀಟರಿಗೆ 100 ರೂಪಾಯಿ. ಆಗ ಜಲಮಂಡಲಿಯ ನಲ್ಲಿಯುಳ್ಳ ಗೃಹಸ್ಥನಿಗೆ ಮೊದಲ 8,000 ಲೀಟರಿನವರೆಗೆ ಸಾವಿರಕ್ಕೆ 7 ರೂಪಾಯಿ ಮಾತ್ರವೇ ನೀರಿನ ದರವಾಗಿದ್ದಿತು.

ಆಫ್ರಿಕಾಖಂಡದ ನೈರೋಬಿಯ ಬಡಕೇರಿಗಳಲ್ಲಿಯೂ ಇದೇ ವಿಪರ್ಯಾಸ: ನಲ್ಲಿಯಿಲ್ಲದ ಬಡವನು ಕ್ಯಾನುಗಳಲ್ಲಿ ನೀರನ್ನು ಕೊಂಡು, ಉಳ್ಳವನಿಗಿಂತ ಹೆಚ್ಚು ಹಣವನ್ನು ತೆರುತ್ತಾನೆ.

ಆದುದರಿಂದ, ವಾಚಕಮಹಾಶಯರೇ, ಬಡವನ ಮನೆಗೆ ನಲ್ಲಿಯನ್ನು ಮುಟ್ಟಿಸುವುದೇ ಇಂದಿನ ಪೌರರು ಆಚರಿಸತಕ್ಕ ಪ್ರಪಾಧರ್ಮವು.