ಕೇಳದ ಸದ್ದು ಹೇಳುವ ನೀರಿನ ಲೆಕ್ಕ

ಹಾವೇರಿಯ ನೆರೆಯ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಮೊದಲನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿ, ಆಗಿನ ವಿಶ್ವದಾಖಲೆಯನ್ನು ಮುರಿದಿತ್ತು.

ಇಂಥ ಘಟಕದ ಒಳಗೆ ಯುರೇನಿಯಂನ ಶಾಖವನ್ನು ಹೊತ್ತು ತರುವುದು ಭಾರಜಲ. ಸುಮಾರು 290 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದರೂ ಒತ್ತಡದಿಂದಾಗಿ ಅದು ಕುದಿಯುವುದಿಲ್ಲ. ಸ್ಟೀಮ್ ಜನರೇಟರಿನ ಸಣ್ಣ ಕೊಳವೆಗಳೊಳಗೆ ಅದು ಹರಿದರೆ, ಹೊರಗಿನ ಸಾದಾ ನೀರು ಆ ಶಾಖ ಹೀರಿ ಉಗಿಯಾಗಿ ಟರ್ಬೈನ್ ತಿರುಗಿಸುತ್ತದೆ. ಎರಡೂ ನೀರು ಬೆರೆಯುವುದಿಲ್ಲ.

ಸ್ಟೀಮ್ ಜನರೇಟರಿಗೆ ಎಷ್ಟು ಸಾದಾ ನೀರು ಹೋಗುತ್ತಿದೆ ಎಂಬುದು ಗೊತ್ತಾದರೆ ರಿಯಾಕ್ಟರ್ ಎಷ್ಟು ಶಾಖ ಕೊಡುತ್ತಿದೆ ಎಂಬ ಲೆಕ್ಕ ಸಿಗುತ್ತದೆ. ನೀರಿನ ಅಳತೆ ಶೇ. 1ರಷ್ಟು ತಪ್ಪಿದರೆ ಶಾಖದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ. ಹಳೆಯ ಪದ್ಧತಿಯಲ್ಲಿ ಕೊಳವೆಯನ್ನು ಒಂದೆಡೆ ಕಿರಿದುಗೊಳಿಸಿ, ಅಲ್ಲಿ ಇಳಿಯುವ ಒತ್ತಡದಿಂದ ಹರಿವನ್ನು ಅಂದಾಜು ಮಾಡುತ್ತಾರೆ. ಇದೇ ವೆಂಚುರಿ ಮೀಟರ್. ಅದರ ಕಿರಿದಾದ ಭಾಗಕ್ಕೆ ಕಿಟ್ಟ ಹಿಡಿದರೆ ಮೀಟರು ನಿಜಕ್ಕಿಂತ ಹೆಚ್ಚು ಹರಿವು ತೋರಿಸುತ್ತದೆ. ಅದನ್ನು ನಂಬಿದ ಸ್ಥಾವರ ತನಗೆ ಅನುಮತಿಯಿರುವುದಕ್ಕಿಂತ ಕಡಿಮೆ ವಿದ್ಯುತ್ ಉತ್ಪಾದಿಸುತ್ತದೆ.

ಅಲ್ಟ್ರಾಸಾನಿಕ್ ಮೀಟರಿಗೆ ಈ ತೊಡಕಿಲ್ಲ. ಕೊಳವೆಯ ಎರಡು ಕಡೆ ಓರೆಯಾಗಿ ಕೂರಿಸಿದ ಸೆನ್ಸರುಗಳು ನಮ್ಮ ಕಿವಿಗೆ ಕೇಳದ, 20,000 ಹರ್ಟ್ಜ್‌ಗೂ ಮೇಲಿನ ಸದ್ದನ್ನು ಪರಸ್ಪರ ಕಳಿಸುತ್ತವೆ. ಗುತ್ತಲ ಸೀಮೆಯ ವರದಾ ಹೊಳೆಯಲ್ಲಿ ಸೆಳವಿನ ಜೊತೆ ಈಜುವವನು ಬೇಗ, ಎದುರು ಈಜುವವನು ತಡವಾಗಿ ದಡ ಸೇರುವಂತೆ, ಸದ್ದಿನ ಎರಡು ಪಯಣಗಳ ಸಮಯವೂ ಬೇರೆಯಾಗುತ್ತದೆ. ಆ ವ್ಯತ್ಯಾಸದಿಂದ ಹರಿವಿನ ವೇಗ ತಿಳಿಯುತ್ತದೆ.

ವ್ಯತ್ಯಾಸ ಮಾತ್ರ ಅತಿ ಸೂಕ್ಷ್ಮ. ಸದ್ದಿನ ದಾರಿ ಅರ್ಧ ಮೀಟರ್, ನೀರಿನಲ್ಲಿ ಅದರ ವೇಗ ಸೆಕೆಂಡಿಗೆ 1,500 ಮೀಟರ್, ಆ ದಾರಿಗುಂಟ ನೀರಿನ ಓಟ ಸೆಕೆಂಡಿಗೆ 3 ಮೀಟರ್ ಎಂದಿಟ್ಟುಕೊಳ್ಳಿ. ಪಯಣಕ್ಕೆ ಸುಮಾರು 333 ಮೈಕ್ರೊಸೆಕೆಂಡ್ ಬೇಕು. ವ್ಯತ್ಯಾಸ ಬರೀ 1.3 ಮೈಕ್ರೊಸೆಕೆಂಡ್. ಶೇ. 1ರ ನಿಖರತೆ ಬೇಕಾದರೆ 13 ನ್ಯಾನೊಸೆಕೆಂಡನ್ನೂ ಗುರುತಿಸಬೇಕು. ಬಿಸಿಯೇರಿದಂತೆ ಸದ್ದಿನ ವೇಗ ಬದಲಾಗುತ್ತದೆ, ಕೊಳವೆಯ ತಿರುವಿನಲ್ಲಿ ನೀರು ಸುಳಿಯುತ್ತದೆ. ಅದಕ್ಕೇ ಒಂದೇ ಕಡೆ ಹಲವು ಜೋಡಿ ಸೆನ್ಸರುಗಳನ್ನು ಅಳವಡಿಸುವುದುಂಟು.

ಅಮೆರಿಕದಲ್ಲಿ ಅಣು ಸ್ಥಾವರಗಳು ಅಳತೆಯ ತಪ್ಪಿಗೆಂದೇ ಶಕ್ತಿಯ ಲೆಕ್ಕದಲ್ಲಿ ಶೇ. 2ರಷ್ಟು ಅಂತರ ಬಿಡಬೇಕಿತ್ತು. 2000ದಲ್ಲಿ ಆ ನಿಯಮ ಸಡಿಲಾಯಿತು. ನಿಖರವಾಗಿ ಅಳೆಯಬಲ್ಲ ಸ್ಥಾವರಗಳು ಅನುಮತಿ ಪಡೆದು ಶೇ. 2ಕ್ಕಿಂತ ತುಸು ಕಡಿಮೆ ಹೆಚ್ಚುವರಿ ಶಕ್ತಿ ಪಡೆಯತೊಡಗಿದವು. ಕೈಗಾದಂಥ 880 ಮೆಗಾವಾಟ್ ಸ್ಥಾವರಕ್ಕೆ ಶೇ. 1 ಎಂದರೆ 8.8 ಮೆಗಾವಾಟ್. ಹೊಸದೇನನ್ನೂ ಕಟ್ಟದೆ, ಇರುವುದನ್ನು ಸರಿಯಾಗಿ ಅಳೆದರೂ ವಿದ್ಯುತ್ ಹೆಚ್ಚುತ್ತದೆ.