ಅಳಿಲುಕೋವಿ

ಅಂಗೈಯಲ್ಲಿಟ್ಟುಕೊಂಡರೆ ಬಟಾಣಿಕಾಳಿಗಿಂತ ದೊಡ್ಡದೆಂದು ತೋರದ, ತಕ್ಕಡಿಗೆ ಹಾಕಿದರೆ ಕಾಲು ತೊಲದ ಆಸುಪಾಸಿನಲ್ಲಿ ನಿಲ್ಲುವ ಒಂದು ಸೀಸದ ಗುಂಡು. ಅದನ್ನು ಹಾರಿಸುವುದಕ್ಕೆಂದೇ ಮಾಡಿದ, ನೆಲಕ್ಕೂರಿ ನಿಲ್ಲಿಸಿದರೆ ಆಳಿನ ಗದ್ದವನ್ನು ಮುಟ್ಟುವ ಒಂದು ನೀಳವಾದ ಕೋವಿ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ಇಷ್ಟು ಸಣ್ಣ ಗುಂಡಿಗೆ ಇಷ್ಟು ದೊಡ್ಡ ಆಯುಧವೇಕೆಂಬ ಪ್ರಶ್ನೆ ಮೂಡದಿರದು. ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನ ಟೆನೆಸೀ, ಕೆಂಟಕಿ, ಉತ್ತರ ಕೆರೊಲಿನ ಸೀಮೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮನೆಮನೆಯ ಗೋಡೆಯ ಮೇಲೆ ತೂಗುತ್ತಿದ್ದ ಈ ಕೋವಿಗೆ ಅಲ್ಲಿಯ ಜನ ಇಟ್ಟ ಹೆಸರು ಅಳಿಲುಕೋವಿ. ಅದರ ನಳಿಗೆಯ ರಂಧ್ರದ ವ್ಯಾಸ ಎಂಟು ಮಿಲಿಮೀಟರಿನಿಂದ ಹತ್ತು ಮಿಲಿಮೀಟರಿನ ವರೆಗೆ; ಇಂಚಿನ ಲೆಕ್ಕದಲ್ಲಿ ಹೇಳುವುದಾದರೆ 0.32ರಿಂದ 0.40. ಬಾಯಿಯ ಕಡೆಯಿಂದಲೇ ಮದ್ದನ್ನೂ ಗುಂಡನ್ನೂ ತುಂಬಬೇಕು. ಬೆಂಕಿಯನ್ನು ಚಕಮಕಿಯ ಕಲ್ಲು ಕೊಡಬೇಕು.

ಇದರ ವಂಶವೃಕ್ಷದ ಬೇರು ಜರ್ಮನಿಯಲ್ಲಿದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಜರ್ಮನಿಯಿಂದಲೂ ಸ್ವಿಟ್ಜರ್ಲೆಂಡಿನಿಂದಲೂ ಪೆನ್ಸಿಲ್ವೇನಿಯಕ್ಕೆ ವಲಸೆ ಬಂದ ಕಮ್ಮಾರರು ತಮ್ಮೊಡನೆ ತಂದ ಬೇಟೆಯ ರೈಫಲು ಗಿಡ್ಡವಾದದ್ದು, ದಪ್ಪನೆಯದು. ನಳಿಗೆಯ ರಂಧ್ರ ಅನೇಕ ವೇಳೆ 0.60 ಇಂಚನ್ನು ಮೀರುತ್ತಿತ್ತು. ಲ್ಯಾಂಕ್ಯಾಸ್ಟರ್ ಪಟ್ಟಣದಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಮೂರು ನಾಲ್ಕು ದಶಕಗಳ ಅವಧಿಯಲ್ಲಿ ಆ ರೈಫಲಿನ ನಳಿಗೆ ಕ್ರಮಕ್ರಮವಾಗಿ ನೀಳವಾಗುತ್ತ, ರಂಧ್ರ ಕಿರಿದಾಗುತ್ತ ಬಂದುದಕ್ಕೆ ಕಾರಣ ಕಾಡಿನ ಬದುಕು. ಗುಂಡಿನ ತೂಕ ವ್ಯಾಸದ ಘನಾನುಪಾತದಲ್ಲಿ ಏರುತ್ತದೆ. ಅಂದರೆ ವ್ಯಾಸವನ್ನು ಇಮ್ಮಡಿಸಿದರೆ ಸೀಸ ಎಂಟುಮಡಿ ಬೇಕು. 0.31 ಇಂಚಿನ ಗುಂಡು ಕಾಲು ತೊಲವಾದರೆ 0.62 ಇಂಚಿನದು ಎರಡು ತೊಲ. ಅಂಗಡಿಯಿಂದ ಹತ್ತಾರು ಹರದಾರಿ ದೂರದಲ್ಲಿ, ಸೀಸವನ್ನೂ ಮದ್ದನ್ನೂ ಬೆನ್ನ ಮೇಲೆ ಹೊತ್ತು ತರಬೇಕಾಗಿದ್ದ ಗೃಹಸ್ಥನಿಗೆ ಒಂದು ಪೌಂಡು ಸೀಸದಲ್ಲಿ ಇಪ್ಪತ್ತು ಈಡಿಗೆ ಬದಲಾಗಿ ನೂರೈವತ್ತು ಈಡು ದೊರೆಯುವುದೆಂದರೆ ಅದು ಒಂದು ಚಳಿಗಾಲದ ಅಡಿಗೆಯ ಮಾತು. ಜಿಂಕೆ ಕರಡಿಗಳು ವಿರಳವಾಗಿ ಅಳಿಲು ಮೊಲಗಳೇ ಉಳಿದ ಮೇಲಂತೂ ದೊಡ್ಡ ಗುಂಡು ಬರಿಯ ದಂಡವಾಯಿತು. ಅಳಿಲಿನ ತಲೆಗೇ ಗುರಿಯಿಡಬೇಕು. ಮೈಗೆ ತಗುಲಿದರೆ ಮಾಂಸ ಮಣ್ಣುಪಾಲು.

ಮಿತವ್ಯಯಕ್ಕಾಗಿ ಹುಟ್ಟಿದ ಈ ಕಿರಿದುತನ ಬೇಟೆಗಾರನಿಗೆ ಉಳಿಸಿಕೊಟ್ಟುದನ್ನೆಲ್ಲ ಕೋವಿ ಮಾಡುವವನಿಂದ ಶ್ರಮದ ರೂಪದಲ್ಲಿ ವಸೂಲುಮಾಡಿತು. ನಳಿಗೆಯ ಕೆಲಸವನ್ನೇ ನೋಡೋಣ. ಮೆದುಗಬ್ಬಿಣದ ಉದ್ದನೆಯ ಪಟ್ಟಿಯೊಂದನ್ನು ಕುಲುಮೆಯಲ್ಲಿ ಕಾಯಿಸಿ, ಒಂದು ಸಲಾಕಿಯ ಸುತ್ತ ಅಂಚಿಗೆ ಅಂಚು ಸೇರುವಂತೆ ಮಡಿಸಿ, ಬಿಳಿಗಾರವನ್ನು ಉದುರಿಸಿ, ಕಬ್ಬಿಣ ಬೆಳ್ಳಗಾಗಿ ಮೈಯಿಂದ ಕಿಡಿ ಚಿಮ್ಮುವ ಹದಕ್ಕೆ ಬಂದಾಗ ಸರಸರನೆ ಬಡಿದು ಬೆಸೆಯಬೇಕು. ಒಂದು ಕಾವಿಗೆ ಒಂದೆರಡು ಅಂಗುಲದಷ್ಟು ಮಾತ್ರ ಬೆಸುಗೆ ಹತ್ತುತ್ತದೆ. ಸಲಾಕಿಯನ್ನು ಒಳಗೇ ಮರೆತರೆ ಅದೂ ನಳಿಗೆಗೆ ಅಂಟಿಕೊಳ್ಳುವುದರಿಂದ ಎರಡು ಮೂರು ಪೆಟ್ಟಿಗೊಮ್ಮೆ ಅದನ್ನು ಹೊರಕ್ಕೆಳೆಯಬೇಕು. ನಲವತ್ತೆರಡು ಅಂಗುಲದ ನಳಿಗೆ ಹೀಗೆ ಕಾವಿನ ಮೇಲೆ ಕಾವು ಕಂಡು ಮುಗಿಯುವಾಗ ಕೈಸೇರುವುದು ಒರಟಾದ, ಒಳಗೆ ಹೊಂಡದಿಣ್ಣೆಗಳಿಂದ ತುಂಬಿದ ಒಂದು ಕೊಳವೆ.

ಅದನ್ನು ಉದ್ದಕ್ಕೂ ಕೊರೆದು ನಯಮಾಡುವ ಹಂತದಲ್ಲಿ ಸಣ್ಣ ರಂಧ್ರದ ಸಂಕಟ ಮೊದಲಾಗುತ್ತದೆ. ಕೊರೆಯುವ ಅಲಗು ಒಂದು ಗಜಕ್ಕಿಂತ ಉದ್ದವಾದ ದಂಡದ ತುದಿಯಲ್ಲಿರುತ್ತದೆ. ಹದಿನೈದು ಮಿಲಿಮೀಟರಿನ ರಂಧ್ರಕ್ಕೆ ತಕ್ಕ ದಂಡ ಗಟ್ಟಿಯಾಗಿ ನಿಂತೀತು; ಎಂಟು ಮಿಲಿಮೀಟರಿನೊಳಗೆ ಹೋಗತಕ್ಕದ್ದು ಬಳುಕುವ ಬೆತ್ತದಂತೆ ತಿರುಚಿಕೊಂಡು ಅಲಗನ್ನು ಅತ್ತ ಇತ್ತ ಒಯ್ಯುತ್ತದೆ. ಆದುದರಿಂದ ಕುಶಲಿಯಾದವನು ನಳಿಗೆಯನ್ನು ಬೆಳಕಿನ ಕಡೆಗೆ ಹಿಡಿದು ಒಳಮೈಯಲ್ಲಿ ಬೀಳುವ ನೆರಳಿನ ರೇಖೆಯನ್ನು ನೋಡುತ್ತಾನೆ. ಇಲ್ಲವೆ ಉದ್ದಕ್ಕೂ ಒಂದು ದಾರವನ್ನು ಬಿಗಿದು ಅದಕ್ಕೂ ಲೋಹಕ್ಕೂ ನಡುವಿನ ಅಂತರವನ್ನು ಪರೀಕ್ಷಿಸುತ್ತಾನೆ. ನೆರಳು ಎಲ್ಲಿ ಕೊಂಕಿತೋ ಅಲ್ಲಿ ಹೊರಮೈಗೆ ಒಂದು ಹದವಾದ ಪೆಟ್ಟು, ಮತ್ತೆ ಕಣ್ಣು, ಮತ್ತೆ ಪೆಟ್ಟು.

ಬಳಿಕ ನಳಿಗೆಯ ಒಳಗೆ ಸುರುಳಿಯಾದ ಗೀರುಗಳನ್ನು ಕೊರೆಯಬೇಕು. ಕೋವಿಗೆ ರೈಫಲ್ ಎಂಬ ಹೆಸರನ್ನು ಕೊಟ್ಟುದೇ ಈ ಗೀರುಗಳು. ಹಳೆಯ ಕುಶಲಿಗಳ ಉಪಕರಣ ದಪ್ಪನಾದ ಒಂದು ಮರದ ಉರುಳೆ. ಅದರ ಮೈಮೇಲೆ ಬೇಕಾದ ಸುರುಳಿಯನ್ನು ಮೊದಲೇ ದೊಡ್ಡದಾಗಿ ಕೆತ್ತಿರುತ್ತಾರೆ. ಉರುಳೆಯನ್ನು ದೂಡಿದಾಗ ಅದು ಸುರುಳಿಯ ಹಾದಿಯಲ್ಲಿ ತಿರುಗುತ್ತ ಸಾಗಿ, ಅದಕ್ಕೆ ಕಟ್ಟಿದ ದಂಡವೂ ದಂಡದ ತುದಿಯ ಪುಟ್ಟ ಹಲ್ಲೂ ನಳಿಗೆಯೊಳಗೆ ಅದೇ ತಿರುವನ್ನು ಅನುಸರಿಸುತ್ತವೆ. ಸಾಮಾನ್ಯವಾಗಿ ಏಳು ಗೀರುಗಳು. ತಿರುವು ನಲವತ್ತೆಂಟು ಅಂಗುಲಕ್ಕೆ ಒಂದು ಸುತ್ತಿನಷ್ಟು. ಒಂದು ಎಳೆತಕ್ಕೆ ಕೂದಲಿನಷ್ಟು ಕಬ್ಬಿಣವೂ ಬರುವುದಿಲ್ಲ. ಏಳು ಗೀರುಗಳನ್ನೂ ಒಂದಾವರ್ತಿ ಎಳೆದ ಮೇಲೆ ಹಲ್ಲಿನ ಕೆಳಗೆ ಒಂದು ಚೂರು ಕಾಗದವನ್ನಿಟ್ಟು ಅದನ್ನು ತುಸು ಮೇಲೆತ್ತಿ, ಮತ್ತೊಂದು ಆವರ್ತಿ. ತೆಳುವಾದ ಒಂದು ಕಾಗದದ ಚೂರಿನ ದಪ್ಪವೇ ಇಲ್ಲಿಯ ಅಳತೆಗೋಲು ಎಂಬುದನ್ನು ಓದಿದಂದಿನಿಂದ ನನಗೆ ಆ ಕೆಲಸದ ಮೇಲಿನ ಗೌರವ ಇಮ್ಮಡಿಯಾಗಿದೆ.

ಗುಂಡು ಈ ಗೀರುಗಳನ್ನು ನೇರವಾಗಿ ಮುಟ್ಟುವುದಿಲ್ಲ. ರಂಧ್ರಕ್ಕಿಂತ ಗುಂಡನ್ನು ಸ್ವಲ್ಪ ಕಿರಿದಾಗಿ ಎರಕಹೊಯ್ದು, ಕೊಬ್ಬು ಸವರಿದ ಬಟ್ಟೆಯ ತುಣುಕೊಂದರಲ್ಲಿ ಸುತ್ತಿ, ಹಿಕರಿ ಮರದ ಗಜವೆಂಬ ಕೋಲಿನಿಂದ ತಳದ ವರೆಗೆ ಒತ್ತುತ್ತಾರೆ. ಬಟ್ಟೆ ಗೀರನ್ನು ಕಚ್ಚಿಕೊಂಡು ಗುಂಡನ್ನು ತಿರುಗಿಸುತ್ತದೆ. ಬಾಯಿಯಿಂದ ಹೊರಬಿದ್ದೊಡನೆ ಕಳಚಿಬೀಳುತ್ತದೆ. ಪೆನ್ಸಿಲ್ವೇನಿಯದ ಸಿರಿವಂತ ಕೋವಿಗಳ ಕುಂದದಲ್ಲಿ, ಅಂದರೆ ಹೆಗಲಿಗೊತ್ತುವ ಹಿಂಬದಿಯ ಮರದಲ್ಲಿ, ಈ ಬಟ್ಟೆಗಳನ್ನಿಡಲು ಹಿತ್ತಾಳೆಯ ಮುಚ್ಚಳವುಳ್ಳ ಅಲಂಕೃತ ಸಂಪುಟವಿರುತ್ತಿತ್ತು. ಬೆಟ್ಟದ ಬಡವನ ಕೋವಿಯಲ್ಲಿ ಅದೇ ಜಾಗದಲ್ಲಿ ಕೊಬ್ಬನ್ನು ತುಂಬಿಡಲು ಕೊರೆದ ಬರಿಯ ಒಂದು ಗುಳಿ. ನನ್ನ ಕಣ್ಣಿಗೆ ಆ ಗುಳಿಯೇ ಹೆಚ್ಚು ಸುಂದರ.

ಇನ್ನು ಬೆಂಕಿಯ ಯಂತ್ರ. ನನ್ನ ಬಾಲ್ಯದಲ್ಲಿ ಮನೆಯ ಹಿರಿಯರೊಬ್ಬರು ಸೊಂಟದ ಚೀಲದಿಂದ ಚಕಮಕಿಯ ಕಲ್ಲನ್ನೂ ಉಕ್ಕಿನ ತುಂಡನ್ನೂ ತೆಗೆದು, ಅರಳೆಯ ಮೇಲೆ ಕಿಡಿ ಬೀಳಿಸಿ, ಊದಿ, ಬೀಡಿ ಹೊತ್ತಿಸಿಕೊಳ್ಳುವುದನ್ನು ಬೆರಗಿನಿಂದ ನೋಡುತ್ತಿದ್ದೆ. ಕಿಡಿ ಕಲ್ಲಿನಿಂದ ಬರುತ್ತದೆಂದೇ ಬಹುಕಾಲ ನಂಬಿದ್ದೆ. ನಿಜವಾಗಿ ಉರಿಯುವುದು ಉಕ್ಕು: ಕಲ್ಲಿನ ಹರಿತವಾದ ಅಂಚು ಉಕ್ಕಿನ ಮೈಯಿಂದ ಅತಿ ಸೂಕ್ಷ್ಮವಾದ ಹೆರೆಗಳನ್ನು ಕೆತ್ತುತ್ತದೆ; ಆ ಘರ್ಷಣೆಗೆ ಕಾದ ಹೆರೆಗಳು ಗಾಳಿಯಲ್ಲಿ ತಾವೇ ಹೊತ್ತಿಕೊಳ್ಳುತ್ತವೆ. ಹದಿನೇಳನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡು ಇನ್ನೂರು ವರ್ಷಗಳ ಕಾಲ ಲೋಕದ ಸೇನೆಗಳನ್ನೂ ಬೇಟೆಗಾರರನ್ನೂ ಆಳಿದ ಚಕಮಕಿ ಕೀಲು ಇದೇ ಕೆಲಸವನ್ನು ಕಣ್ಣೆವೆ ಇಕ್ಕುವುದರೊಳಗೆ ಮಾಡುತ್ತದೆ. ಕಲ್ಲನ್ನು ಕಚ್ಚಿ ಹಿಡಿದ ಭಾಗಕ್ಕೆ ಇಂಗ್ಲಿಷರೂ ಜರ್ಮನರೂ ಹುಂಜವೆಂದರು, ನಮ್ಮವರು ಕುದುರೆಯೆಂದರು. ಬೆರಳು ಎಳೆದೊಡನೆ ಕುದುರೆ ಮುಂದಕ್ಕೆ ಜಿಗಿದು ಉಕ್ಕಿನ ಫಲಕವನ್ನು ಗೀಚುತ್ತದೆ. ಫಲಕ ಮುಂದಕ್ಕೆ ಮಗುಚಿ ತನ್ನಡಿಯ ಬಟ್ಟಲನ್ನು ತೆರೆಯುತ್ತದೆ. ಕಿಡಿಗಳು ಬಟ್ಟಲಿನ ರಂಜಕಕ್ಕೆ, ಅಂದರೆ ಹೊತ್ತಿಸುವ ಮದ್ದಿಗೆ, ಬೀಳುತ್ತವೆ. ಆ ಉರಿ ನಳಿಗೆಯ ಕಿವಿಯನ್ನು ಹೊಕ್ಕು ಒಳಗಿನ ಮದ್ದನ್ನು ಮುಟ್ಟುತ್ತದೆ.

ಹೇಳುವುದು ಸುಲಭ. ಫಲಕದ ಮೈ ಮೆತ್ತಗಾದರೆ ಕಲ್ಲು ಅದನ್ನು ಉಳುತ್ತದೆ, ಕಿಡಿಯಿಲ್ಲ. ಅತಿಯಾಗಿ ಬಿರುಸಾದರೆ ಕಲ್ಲು ಜಾರುತ್ತದೆ, ಆಗಲೂ ಕಿಡಿಯಿಲ್ಲ. ಕಬ್ಬಿಣದ ಫಲಕವನ್ನು ಎಲುಬಿನ ಇದ್ದಲು, ಚರ್ಮದ ಇದ್ದಲುಗಳ ನಡುವೆ ಹುದುಗಿಸಿ, ಗಾಳಿಯಾಡದಂತೆ ಮುಚ್ಚಿ, ಗಂಟೆಗಟ್ಟಲೆ ಕೆಂಪಗೆ ಕಾಯಿಸಿದರೆ ಇಂಗಾಲ ಅದರ ಮೇಲ್ಮೈಗಿಳಿದು ಉಕ್ಕಾಗುತ್ತದೆ. ಅನಂತರ ಒಮ್ಮೆಲೇ ನೀರಿಗೆ. ಒಳಗಿನ ಬಿಲ್ಲುಪಟ್ಟಿಯದು ಮತ್ತೊಂದು ಬಗೆಯ ಹದ: ಕಾಯಿಸಿ ಎಣ್ಣೆಯಲ್ಲಿ ತಣಿಸಿದಾಗ ಗಾಜಿನಂತೆ ಸಿಡಿಯುವಷ್ಟು ಗಡುಸಾಗುವ ಅದನ್ನು ಮರಳಿ ಮೆಲ್ಲನೆ ಕಾಯಿಸುತ್ತ, ಹುಲ್ಲಿನ ಹಳದಿ, ಕಂದು, ನೇರಿಳೆಗಳನ್ನು ದಾಟಿ ಉಕ್ಕಿನ ಮೈಮೇಲೆ ನೀಲಿ ಮೂಡಿದ ಮುಹೂರ್ತದಲ್ಲಿ ನಿಲ್ಲಿಸಬೇಕು. ಇವೆಲ್ಲಕ್ಕಿಂತ ಸೂಕ್ಷ್ಮವಾದ ಒಂದು ಅಂಗ ಕೀಲಿನ ಒಳಗೆ ಅಡಗಿದೆ. ಕುದುರೆಯನ್ನು ಅರ್ಧ ಎತ್ತಿ ನಿಲ್ಲಿಸುವ ಭದ್ರತೆಯ ಕಚ್ಚಿನೊಳಕ್ಕೆ, ಗುಂಡು ಹಾರಿಸುವ ವೇಳೆಯಲ್ಲಿ, ಕುದುರೆಯನ್ನು ಹಿಡಿದಿಡುವ ತಡೆಗೊಕ್ಕೆ ಬಿದ್ದು ಸಿಕ್ಕಿಕೊಳ್ಳದಂತೆ ದಾಟಿಸುವ ಪುಟ್ಟ ನಾಲಗೆ ಅದು. ಅಕ್ಕಿಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಆ ನಾಲಗೆಯನ್ನು ಅರದಿಂದ ತಿದ್ದಿ ಕೂಡಿಸುವುದಕ್ಕೆ ಒಂದು ಇಡೀ ದಿನ ಹಿಡಿದರೆ ಸೋಜಿಗವಿಲ್ಲ.

ಇಂಥ ಕೀಲುಗಳು ನಮ್ಮ ನಾಡಿಗೆ ಅಪರಿಚಿತವಲ್ಲ. ಲ್ಯಾಂಕ್ಯಾಸ್ಟರಿನಲ್ಲಿ ಜೇಕಬ್ ಡಿಕರ್ಟನಂಥವರು ನೀಳ ರೈಫಲುಗಳನ್ನು ಮಾಡುತ್ತಿದ್ದ ಕಾಲದಲ್ಲಿಯೇ ಶ್ರೀರಂಗಪಟ್ಟಣದಲ್ಲಿ ಟಿಪ್ಪುಸುಲ್ತಾನನ ಕುಶಲಿಗಳು ಚಕಮಕಿಯ ಕೋವಿಗಳನ್ನು ಮಾಡುತ್ತಿದ್ದರು. ಅವುಗಳಲ್ಲಿ ಕುದುರೆಗೇ ಹುಲಿಯ ರೂಪವನ್ನು ಕೊಟ್ಟ ಕೆಲವು ಇಂದು ವಿದೇಶದ ಸಂಗ್ರಹಾಲಯಗಳಲ್ಲಿವೆ. ಮಲೆನಾಡಿನ, ಕೊಡಗಿನ ಹಿರಿಯರು ಬಲ್ಲ ಕೇಪಿನ ಕೋವಿ ಇದರ ಮುಂದಿನ ತಲೆಮಾರು. ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತ್ 1807ರಲ್ಲಿ ಹಕ್ಕುಪತ್ರ ಪಡೆದ ಮೇಲೆ ಚಕಮಕಿಯ ಕಾಲ ಇಳಿಮುಖವಾಯಿತು. ನಮ್ಮಲ್ಲಿ ಪರವಾನಗಿಯಿಲ್ಲದೆ ಕೋವಿ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧವಾದುದರಿಂದ, ಈ ವಿದ್ಯೆಯನ್ನು ಕೈಯಾರೆ ಕಲಿಯುವ ಅವಕಾಶ ಇಲ್ಲಿ ಸಾಮಾನ್ಯರಿಗಿಲ್ಲ. ಅರಿತು ಮೆಚ್ಚುವುದಕ್ಕೆ ಅಡ್ಡಿಯೂ ಇಲ್ಲ.

ಕಬ್ಬಿಣದ ಕೆಲಸ ಮುಗಿದ ಮೇಲೆ ಮರ. ಅಮೆರಿಕದವರು ಮೆಚ್ಚುವುದು ಮೇಪಲ್ ಮರವನ್ನು, ಅದರಲ್ಲಿಯೂ ಹುಲಿಯ ಪಟ್ಟೆಯಂತೆ ಅಡ್ಡಡ್ಡಲಾಗಿ ಮಿನುಗುವ ಎಳೆಯುಳ್ಳದ್ದನ್ನು. ನಳಿಗೆಗೆ ದೀಪದ ಮಸಿಯನ್ನು ಸವರಿ ಮರದ ಕಾಲುವೆಯಲ್ಲಿಟ್ಟು ಒತ್ತಿ ತೆಗೆದರೆ, ಎಲ್ಲಿ ಮಸಿ ಹತ್ತಿತೋ ಅಲ್ಲಿ ಮರ ಹೆಚ್ಚಾಗಿದೆಯೆಂದು ಅರ್ಥ. ಅಷ್ಟನ್ನೇ ಉಳಿಯಿಂದ ಹೆರೆದು ಮತ್ತೆ ಮಸಿ, ಮತ್ತೆ ಒತ್ತು. ಲೋಹಕ್ಕೂ ಮರಕ್ಕೂ ನಡುವೆ ಕಾಗದವೂ ತೂರದಂತೆ ಕೂಡುವ ವರೆಗೆ ಇದೇ ಜಪ. ಈ ಕಾಲುವೆಯ ಕೆಳಗೆ ಗಜವನ್ನಿಡುವ ರಂಧ್ರವನ್ನು ಉದ್ದವಾದ ಬೈರಿಗೆಯಿಂದ ಕುರುಡಾಗಿ ಕೊರೆಯಬೇಕು. ಕಾಲುವೆಗೂ ಈ ರಂಧ್ರಕ್ಕೂ ನಡುವೆ ಉಳಿಯುವ ಮರ ಮೂರು ಮಿಲಿಮೀಟರಿನಷ್ಟು. ಸಣ್ಣ ರಂಧ್ರದ ಕೋವಿಯ ಸೊಗಸೆಲ್ಲ ಅದರ ತೆಳುವಾದ ಮೈಯಲ್ಲಿರುವುದರಿಂದ ಅದನ್ನು ಹೆಚ್ಚಿಸುವಂತಿಲ್ಲ. ಬೈರಿಗೆ ದಾರಿತಪ್ಪಿ ಹೊರಗಿಣುಕಿತೆಂದರೆ ತಿಂಗಳುಗಳ ದುಡಿಮೆ ಸೌದೆ.

ಬಣ್ಣ ಕಟ್ಟುವ ಗಳಿಗೆ ನೋಡತಕ್ಕದ್ದು. ಕಬ್ಬಿಣವನ್ನು ಕರಗಿಸಿದ ನೈಟ್ರಿಕ್ ಆಮ್ಲವನ್ನು ಬಿಳಿಯ ಮರಕ್ಕೆ ಬಳಿದಾಗ ಅದು ಪಾಚಿ ಹಿಡಿದಂತೆ ಹಸುರುಬೂದಿಯಾಗಿ, ಕೆಟ್ಟೇಹೋಯಿತೆಂಬ ಭಾವನೆ ಬರುತ್ತದೆ. ಕಾದ ಕಬ್ಬಿಣವೊಂದನ್ನು ಮರಕ್ಕೆ ತಾಗದಂತೆ ಹತ್ತಿರಕ್ಕೆ ಹಿಡಿದು ಸರಿಸುತ್ತ ಹೋದಂತೆ, ಅದರ ಬೆನ್ನಹಿಂದೆಯೇ ಆ ಹಸುರು ಕೆಂಗಂದಾಗಿ ತಿರುಗಿ, ಪಟ್ಟೆಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಮೇಲೆ ಅಗಸೆಯೆಣ್ಣೆ, ಅಂಗೈಯಿಂದ ತಿಕ್ಕಿದ್ದು.

ಇಷ್ಟನ್ನೂ ಒಬ್ಬನೇ ಮಾಡುತ್ತಿದ್ದನೆಂದು ತಿಳಿಯಬಾರದು. ಹದಿನೆಂಟನೆಯ ಶತಮಾನದಲ್ಲಿಯೇ ಎಷ್ಟೋ ಮಂದಿ ಕೀಲನ್ನು ಇಂಗ್ಲೆಂಡಿನಿಂದಲೋ ಜರ್ಮನಿಯಿಂದಲೋ ಬಂದ ಸರಕಿನಿಂದ ಕೊಳ್ಳುತ್ತಿದ್ದರು. ನಳಿಗೆಯನ್ನು ನೀರಿನ ಬಲದಿಂದ ನಡೆಯುವ ಕೊರೆಗಿರಣಿಗಳು ಒದಗಿಸುತ್ತಿದ್ದವು. ಎಲ್ಲವನ್ನೂ ಒಂದೇ ಜೊತೆ ಕೈಗಳಿಂದ ಮಾಡಿ ತೋರಿಸುವ ಸಂಕಲ್ಪ ನಮ್ಮ ಕಾಲದ್ದು. ವರ್ಜೀನಿಯದ ವಿಲಿಯಮ್ಸ್‌ಬರ್ಗಿನಲ್ಲಿ, ಹಳೆಯ ಪಟ್ಟಣವನ್ನು ಹಿಂದಿನಂತೆಯೇ ಉಳಿಸಿಕೊಂಡಿರುವ ಸಂಸ್ಥೆಯ ಕಾರ್ಯಾಗಾರದಲ್ಲಿ, ವಾಲೆಸ್ ಗಸ್ಲರ್ ಎಂಬ ಕುಶಲಿ ಕಬ್ಬಿಣದ ಪಟ್ಟಿ, ಹಿತ್ತಾಳೆಯ ಚೂರು, ಮರದ ಹಲಗೆಗಳಿಂದ ತೊಡಗಿ ಪೂರ್ಣವಾದ ರೈಫಲೊಂದನ್ನು ಹಳೆಯ ಉಪಕರಣಗಳಿಂದಲೇ ಮಾಡಿದುದನ್ನು 1960ರ ದಶಕದ ಕೊನೆಯಲ್ಲಿ ಚಲನಚಿತ್ರವಾಗಿಸಿದ್ದಾರೆ. ಅಪಲೇಚಿಯನ್ ಬೆಟ್ಟದವರ ಕಸಬುಗಳನ್ನು ಶಾಲೆಯ ಮಕ್ಕಳೇ ಹಿರಿಯರನ್ನು ಕೇಳಿ ಬರೆದಿಟ್ಟ ಫಾಕ್ಸ್‌ಫೈರ್ ಮಾಲೆಯ ಐದನೆಯ ಸಂಪುಟ, 1979ರಲ್ಲಿ ಹೊರಬಂದದ್ದು, ಈ ಕೋವಿಗಳಿಗೆ ದೊಡ್ಡ ಭಾಗವನ್ನೇ ಮೀಸಲಿಟ್ಟಿದೆ. ಕಸಬು ಉಳಿದುದು ಇಂಥವರಿಂದ.

ಕೋವಿ ಮುಗಿಯುವುದು ಕಾರ್ಯಾಗಾರದಲ್ಲಲ್ಲ, ಬಯಲಿನಲ್ಲಿ. ಮುಂಗುರಿಯ ತಗಡನ್ನು, ಹಿತ್ತಾಳೆಯದೋ ಬೆಳ್ಳಿಯದೋ, ಬೇಕೆಂದೇ ಎತ್ತರವಾಗಿ ಕೂಡಿಸಿರುತ್ತಾರೆ. ಅದು ಎತ್ತರವಾದಷ್ಟು ಗುಂಡು ತಗ್ಗಿನಲ್ಲಿ ಬೀಳುತ್ತದೆ. ಮೂರು ಈಡು ಹಾರಿಸಿ ಕಾಗದವನ್ನು ನೋಡುವುದು, ಅರವನ್ನು ತಗಡಿನ ನೆತ್ತಿಯ ಮೇಲೆ ಒಂದೆರಡು ಸಲ ಎಳೆಯುವುದು, ನಳಿಗೆಯ ಕರಿಯನ್ನು ಒರೆಸುವುದು (ಸಣ್ಣ ರಂಧ್ರ ಬೇಗ ಕಟ್ಟಿಕೊಳ್ಳುತ್ತದೆ), ಮತ್ತೆ ಮೂರು ಈಡು. ರಂಧ್ರಗಳು ಕಾಗದದ ಮೇಲೆ ಒಂದೊಂದೇ ಬೆರಳಿನಷ್ಟು ಮೇಲಕ್ಕೇರುತ್ತವೆ. ತೆಗೆದ ಲೋಹವನ್ನು ಮರಳಿ ಕೂಡಿಸುವಂತಿಲ್ಲವಾದುದರಿಂದ ನಡುವಣ ಕಪ್ಪು ಚುಕ್ಕಿ ಸಮೀಪಿಸಿದಂತೆ ಎಳೆತಗಳು ಕಿರಿದಾಗುತ್ತವೆ; ಕೊನೆಗೆ ಅರವನ್ನು ಒತ್ತದೆ, ಅದರ ಭಾರಕ್ಕೇ ಬಿಟ್ಟು, ಒಂದೇ ಒಂದು ಸಲ ಮುಂದಕ್ಕೆ ಸರಿಸಿ, ಬಾಯಿಂದ ಊದಿ ಪುಡಿಯನ್ನು ಹಾರಿಸಿ, ಕುಶಲಿ ಮತ್ತೆ ಮದ್ದಿನ ಕೊಂಬಿಗೆ ಕೈ ಹಾಕುತ್ತಾನೆ.